ಒಂದರ ಜಾಗದಲ್ಲಿ ಮೂರು

ನಮ್ಮ ಮನೆಯವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ನಂಬರ್ ಮೇಷ್ಟ್ರು. ಮೂವತ್ತೈದು ವರ್ಷ ಒಂದೇ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಪಾಠ ಹೇಳಿದರು. ಪರೀಕ್ಷೆ ಮುಗಿದ ಮೇಲೆ ಮಕ್ಕಳನ್ನೆಲ್ಲ ಹೊರಗೆ ನಿಲ್ಲಿಸಿ, ಒಂದು, ಎರಡು, ಮೂರು ಎಂದು ಕೂಗಿ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಮೊದಲು ಕರೆಸಿಕೊಂಡವರಿಗೆ ಮುಂದಿನ ಬೆಂಚು, ಕಿಟಕಿಯ ಗಾಳಿ. ಕೊನೆಗೆ ಕರೆಸಿಕೊಂಡವರಿಗೆ ಹಿಂದಿನ ಬೆಂಚು, ಪೊರಕೆ ಒರಗಿಸುವ ಮೂಲೆ. ಮುಂದಿನ ಪರೀಕ್ಷೆಯ ತನಕ ಅದೇ ಜಾಗ. ಅದರಲ್ಲಿ ತಪ್ಪೇನಿದೆ ಎಂದು ಅವರಿಗಾಗಲಿ ಮಕ್ಕಳನ್ನು ಹೆತ್ತವರಿಗಾಗಲಿ ಅನ್ನಿಸಿದ್ದಿಲ್ಲ.

ನನಗೆ ಅನ್ನಿಸುತ್ತಿತ್ತು. ಹೇಳುತ್ತಿರಲಿಲ್ಲ. ನಾನೂ ಒಂದು ಕಾಲಕ್ಕೆ ಪೊರಕೆ ಮೂಲೆಯಲ್ಲಿ ಕೂತವಳೇ. ಮೂರನೆಯ ತರಗತಿಯ ಕೊನೆಗೆ ಕೊಟ್ಟ ಚೀಟಿಯಲ್ಲಿ ಕೆಂಪು ಶಾಯಿಯ ಒಂದು ಸೊನ್ನೆ ಇತ್ತು. ನಮ್ಮಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಸೊನ್ನೆಯ ಹಿಂದುಗಡೆ ಇನ್ನೇನಾದರೂ ಇದೆಯೋ ಎನ್ನುವ ಹಾಗೆ. ಆಮೇಲೆ ನಮ್ಮಮ್ಮನಿಗೆ, "ಇವಳ ತಲೆಗೆ ಹತ್ತಲ್ಲ ಬಿಡು. ತಮ್ಮನ್ನ ನೋಡ್ಕೊಂಡಿರಲಿ" ಅಂದರು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಅಂಥವಳನ್ನು ತಂದು ಮೇಷ್ಟ್ರಿಗೆ ಕೊಟ್ಟರು. ದೀಪದ ಬುಡದಲ್ಲಿ ಕತ್ತಲೆ ಎಂದು ಬೀದಿಯ ಹೆಂಗಸರು ನನ್ನ ಮುಖಕ್ಕೇ ನಗುತ್ತಿದ್ದರು. ನಾನೂ ಜೊತೆಗೆ ನಗುತ್ತಿದ್ದೆ. ನಕ್ಕುಬಿಟ್ಟರೆ ಅಂಥ ಮಾತು ಬೇಗ ಮುಗಿಯುತ್ತದೆ.

ಓದುಬರಹ ಕಲಿಸಿದವರು ಅವರೇ. ಓದು ನಿಧಾನ, ಈಗಲೂ ಬೆರಳಿಟ್ಟೇ ಓದುತ್ತೇನೆ. ಆದರೆ ಅಂಕಿ ಮಾತ್ರ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದೆ. ಅದು ಮುಂದೆ ಉಪಯೋಗಕ್ಕೆ ಬಂತು. ಐವತ್ತು ದಾಟಿದ ಮೇಲೆ ಅವರ ಬಲಗೈ ನಡುಗಲು ಶುರುವಾಯಿತು. ಕಪ್ಪು ಹಲಗೆಯ ಮೇಲೆ ಅಷ್ಟು ತಿಳಿಯುತ್ತಿರಲಿಲ್ಲ, ದೊಡ್ಡ ಅಕ್ಷರ. ಪೆನ್ನು ಹಿಡಿದರೆ ಅಂಕಿಗೆಲ್ಲ ಬಾಲ ಬರುತ್ತಿತ್ತು. ಹಾಗಾಗಿ ಶಾಲೆಯ ಹಾಜರಿ, ಅಂಕಪಟ್ಟಿ ಎಲ್ಲ ಚೀಲದಲ್ಲಿ ಮನೆಗೆ ಬರುತ್ತಿತ್ತು. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಶಾಲೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಒಂದು ಸಲ ಹೆಡ್ ಮೇಡಂ, "ವಯಸ್ಸಾದ ಹಾಗೆ ನಿಮ್ಮ ಬರವಣಿಗೆ ದುಂಡಗಾಗ್ತಿದೆಯಲ್ಲ ಮೇಷ್ಟ್ರೇ" ಅಂದರಂತೆ. ಅದನ್ನು ಹೇಳಿಕೊಂಡು ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದೆವು.

ನಿವೃತ್ತಿಗೆ ಎರಡು ವರ್ಷವಿದೆ ಎನ್ನುವಾಗ ಹೊಸ ಪದ್ಧತಿ ಬಂತು. ಐದು ದಿನ ಒಂದು ದೊಡ್ಡ ಹಾಲಿನಲ್ಲಿ ಮೇಷ್ಟ್ರುಗಳನ್ನೆಲ್ಲ ಕೂರಿಸಿ ತರಬೇತಿ. ಮೊದಲ ದಿನ ಇಟ್ಟಿಗೆಯಷ್ಟು ಭಾರದ ಪುಸ್ತಕ ಹೊತ್ತುಕೊಂಡು ಬಂದವರು ಚಪ್ಪಲಿ ಬಿಡದೆ ಜಗುಲಿಯ ಮೇಲೆ ಕೂತರು.

"ಏನು ಹೇಳಿಕೊಟ್ರು?" ಎಂದೆ.

"ಮಗುವಿಗೆ ಏನು ಗೊತ್ತಿದೆ ಅಂತ ಕೇಳಬಾರದಂತೆ. ಏನು ಮಾಡೋಕೆ ಬರುತ್ತೆ ಅಂತ ನೋಡಬೇಕಂತೆ. ಸಾಮರ್ಥ್ಯ, ಸಾಮರ್ಥ್ಯ ಅಂತ ಬೆಳಗ್ಗೆಯಿಂದ ಸಂಜೆ ತನಕ ಅದೊಂದೇ ಜಪ."

"ಅದರಲ್ಲಿ ಹೊಸದೇನ್ರೀ? ನನ್ನ ನೋಡೋಕೆ ಬಂದಾಗ ನಿಮ್ಮಮ್ಮ ಅಡುಗೆ ಬರುತ್ತಾ ಅಂತ ಕೇಳಿರಲಿಲ್ವಾ?"

"ಕೇಳೋದಲ್ವೇ, ಮಾಡಿಸಿ ನೋಡೋದು. ನಮ್ಮಮ್ಮ ಮಾಡಿಸಿ ನೋಡಿದ್ರೆ ನಾನು ಇವತ್ತು ಬೇರೆಯವರ ಗಂಡ ಆಗಿರ್ತಿದ್ದೆ."

ಹೀಗೆ ಅವರ ನಾಲಿಗೆ. ಆದರೆ ಒಳಗೊಳಗೇ ಕುದಿಯುತ್ತಿದ್ದರು. ಇನ್ನು ಮುಂದೆ ನೂರಕ್ಕೆ ಇಷ್ಟು ಎನ್ನುವುದಿಲ್ಲ, ಮೊದಲನೆಯವನು ಕೊನೆಯವನು ಎನ್ನುವುದಿಲ್ಲ. ಓದು, ಬರವಣಿಗೆ, ಲೆಕ್ಕ, ಅಳತೆ, ಕೇಳಿ ಹೇಳುವುದು, ಹೀಗೆ ಒಂಬತ್ತು ಸಾಮರ್ಥ್ಯಗಳು. ಒಂದೊಂದಕ್ಕೂ ನಾಲ್ಕು ಮೆಟ್ಟಿಲು. ಅದನ್ನು ನನಗೆ ಅವರು ವಿವರಿಸಿದ್ದು ಹೀಗೆ: "ಒಂದು ಅಂದ್ರೆ ಮಗು ಇನ್ನೂ ಹೊಸ್ತಿಲ ಹೊರಗಿದೆ. ಎರಡು, ಒಳಗೆ ಕಾಲಿಟ್ಟಿದೆ. ಮೂರು, ಬಂದು ಕೂತಿದೆ. ನಾಲ್ಕು, ಇನ್ನೊಬ್ಬರನ್ನ ಕರೆದು ಕೂರಿಸುತ್ತೆ." ಅಷ್ಟೇ ಹೇಳಿದರು. ಹೊಸ್ತಿಲ ಹೊರಗಿದ್ದವರನ್ನು ಮುಂದೆ ಏನು ಮಾಡುತ್ತಾರೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹೊಸ್ತಿಲ ಹೊರಗಿದ್ದವರನ್ನು ಏನು ಮಾಡುತ್ತಾರೆ ಎನ್ನುವುದು ನನಗೆ ಗೊತ್ತೇ ಇದೆ ಎಂದುಕೊಂಡಿದ್ದೆ.

ಚಿತ್ರ ಬರೆಸುವ ಮೇಷ್ಟ್ರು ಬೀದಿಯಲ್ಲೇ ತಡೆದು, "ಏನ್ ಸ್ವಾಮಿ, ನಿಮ್ಮ ನಂಬರ್ ಅಂಗಡಿ ಬಾಗಿಲು ಹಾಕಿಸಿಬಿಟ್ರಲ್ಲ!" ಎಂದು ಚುಚ್ಚಿದರು. ಮೊದಲ ಎರಡು ತಿಂಗಳು ಇವರು ಹಳೆಯ ಪಾಠವನ್ನೇ ಹೇಳಿ ಹೊಸ ಹಾಳೆಯನ್ನು ತುಂಬಿದರು. ಎಲ್ಲರೂ ಹಾಗೇ ಮಾಡುತ್ತಿದ್ದರಂತೆ. ಪಕ್ಕದ ಕೋಣೆಗೆ ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಟೀಚರ್ ಒಬ್ಬಳು, "ಸರ್, ಬೆಂಚುಗಳನ್ನ ಗುಂಡಗೆ ಹಾಕಿ ನೋಡಿ, ಮಕ್ಕಳು ಮಾತಾಡ್ತಾರೆ" ಎಂದಳಂತೆ. ಮಗಳ ವಯಸ್ಸಿನವಳು ಹೇಳಿದಳಲ್ಲ ಎಂದು ಇವರಿಗೆ ಕೋಪ. ಆದರೂ ಮರುದಿನ ಹಾಕಿದರು.

ಅವತ್ತು ಸಂಜೆ ಬಂದು ಇಟ್ಟ ಟೀ ಮುಟ್ಟಲಿಲ್ಲ.

"ಗುಂಡಗೆ ಹಾಕಿದ ಮೇಲೆ ಹಿಂದಿನ ಬೆಂಚು ಯಾವುದು ಹೇಳು?"

"ಯಾವುದೂ ಇಲ್ಲ."

"ಇಲ್ಲ ಅಲ್ವಾ? ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ ಅಂದೆ ಕಣೇ. ಹಿಂದಿನ ಬೆಂಚಲ್ಲಿ ಕೂರ್ತಿದ್ದ ಆ ಆರು ಮಕ್ಕಳು ಪೊರಕೆ ಎಲ್ಲಿದೆ ಅಂತ ನೋಡಿ, ಅದರ ಹತ್ರ ಹೋಗಿ ಕೂತ್ರು."

ಮರುದಿನ ಅವರು ಮಾಡಿದ ಮೊದಲ ಕೆಲಸ, ಆ ಪೊರಕೆಯನ್ನು ತಾವೇ ಎತ್ತಿಕೊಂಡು ಹೋಗಿ ನೀರಿನ ತೊಟ್ಟಿಯ ಹಿಂದೆ ಇಟ್ಟದ್ದು. ಅಲ್ಲಿಂದ ಅವರು ಬೇರೆಯೇ ಆದರು. ಅರವತ್ತಕ್ಕೆ ಅರಳುಮರಳು ಎಂದು ಚಿತ್ರದ ಮೇಷ್ಟ್ರು ಆಡಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಮಕ್ಕಳಿಗೂ ಒಂದೊಂದು ಪುಟ ಮಾಡಿ, ಪೆನ್ಸಿಲ್ಲಿನಲ್ಲಿ ನಡುಗು ಅಕ್ಷರದಲ್ಲಿ ಕಂಡದ್ದನ್ನು ಬರೆಯುತ್ತಿದ್ದರು. ಸಂಜೆ ನನಗೆ ಓದಿ ಹೇಳುತ್ತಿದ್ದರು. ಒಬ್ಬನಿಗೆ, "ಕೂಡುವುದು ಬರುತ್ತದೆ, ಕಳೆಯುವಾಗ ಅಳು ಬರುತ್ತದೆ." ಇನ್ನೊಬ್ಬಳಿಗೆ, "ಉತ್ತರ ಗೊತ್ತಿದ್ದರೂ ಬೇರೆಯವರು ಹೇಳಲಿ ಎಂದು ಕಾಯುತ್ತಾಳೆ." ನಾನು ಬೆಳ್ಳುಳ್ಳಿ ಬಿಡಿಸುತ್ತಾ ಕೇಳುತ್ತಿದ್ದೆ. ಆ ಮಕ್ಕಳೆಲ್ಲ ನನಗೆ ನೋಡದೆಯೇ ಪರಿಚಯವಾದರು.

ನೋಡಿ ಪರಿಚಯವಿದ್ದವಳು ಒಬ್ಬಳೇ, ಬುಗುರಿ. ಬೀದಿಯ ತಿರುವಿನಲ್ಲಿ ಬಟ್ಟೆ ಇಸ್ತ್ರಿ ಮಾಡುವವಳ ಮಗಳು. ಅಪ್ಪ ಕಟ್ಟುವ ಮನೆಗಳಿಗೆ ನೆಲದ ಕಲ್ಲು ಹಾಸುವವನು. ನಿಂತಲ್ಲಿ ನಿಲ್ಲದ ಹುಡುಗಿ. ಇಸ್ತ್ರಿ ಬಟ್ಟೆಯ ಗಂಟು ತಲೆಯ ಮೇಲೆ ಇಟ್ಟುಕೊಂಡೇ ಸುತ್ತ ತಿರುಗುವಳು. ಗಂಟು ಬೀಳುತ್ತಿರಲಿಲ್ಲ. ಅದಕ್ಕೇ ಆ ಹೆಸರು.

ಒಂದು ದಿನ ಬಟ್ಟೆ ಕೊಡಲು ಬಂದವಳು ಬಾಗಿಲಲ್ಲೇ ನಿಂತು, "ಅಜ್ಜಿ, ನಿಮ್ಮ ಈ ಕೋಣೆಗೆ ಎಪ್ಪತ್ತೆರಡು ಕಲ್ಲು" ಎಂದಳು. "ಆ ಮೂಲೇಲಿ ಕತ್ತರಿಸಿ ಹಾಕಿರೋ ತುಂಡು ನಾಲ್ಕು. ಎಪ್ಪತ್ತಾರು. ಹಾಕಿದವನು ಬೆಪ್ಪ, ಆ ಕಡೆಯಿಂದ ಶುರು ಮಾಡಿದ್ರೆ ತುಂಡೇ ಬೇಕಾಗ್ತಿರಲಿಲ್ಲ."

ಇವರು ಓದುತ್ತಿದ್ದ ಪೇಪರು ಬಿಟ್ಟು ಎದ್ದು, ಬಗ್ಗಿ, ಬೆರಳು ಮಾಡಿ ಎಣಿಸಿದರು. ಎಪ್ಪತ್ತಾರೇ. ನೋಟ್‌ಬುಕ್ಕಿನ ಅವಳ ಪುಟ ಈಗಲೂ ನನ್ನ ಹತ್ತಿರ ಇದೆ: "ನೆಲ ನೋಡಿದರೆ ಸಾಕು, ಕಲ್ಲಿನ ಲೆಕ್ಕ ಹೇಳುತ್ತಾಳೆ. ತುಂಡನ್ನೂ ಬಿಡುವುದಿಲ್ಲ. ಅಕ್ಷರ ಕಂಡರೆ ಮಾತ್ರ ಕಿಟಕಿಯ ಕಡೆ ನೋಡುತ್ತಾಳೆ. ಪಕ್ಕದವಳು ಓದಿದ್ದನ್ನು ಒಮ್ಮೆ ಕೇಳಿ ಹಾಗೇ ಒಪ್ಪಿಸುತ್ತಾಳೆ. ನಾಲ್ಕು ತಿಂಗಳು ನಾನೂ ಮೋಸ ಹೋದೆ. ಒಂದಕ್ಷರವೂ ಬರುವುದಿಲ್ಲ."

ಅರ್ಧ ವರ್ಷ ಮುಗಿಯಿತು. ಸೋಮವಾರ ಹಾಳೆಗಳನ್ನು ಕೊಡಬೇಕು, ಮಕ್ಕಳಿಗೆ ಕಾರ್ಡು ಹಂಚಬೇಕು. ಭಾನುವಾರ ಬೆಳಗ್ಗೆ ಹೆಡ್ ಮೇಡಂ ಮನೆಗೇ ಬಂದರು. ಕುರ್ಚಿಯ ತುದಿಯಲ್ಲಿ ಕೂತರು.

"ಮೇಷ್ಟ್ರೇ, ಎಲ್ಲರೂ ಎರಡು, ಮೂರು ಹಾಕಿದಾರೆ. ನಿಮ್ಮ ಕ್ಲಾಸಲ್ಲಿ ಮಾತ್ರ ಓದಿನಲ್ಲಿ ಆರು ಮಕ್ಕಳಿಗೆ ಒಂದು ಅಂತ ಕೇಳಿದೆ. ಮೇಲಿನವರು ಇಷ್ಟು ವರ್ಷ ಏನು ಮಾಡ್ತಿದ್ರಿ ಅಂತ ಕೇಳ್ತಾರೆ. ರಿಟೈರ್ ಆಗೋ ಹೊತ್ತಲ್ಲಿ ನಿಮಗ್ಯಾಕೆ ಇದೆಲ್ಲ?"

"ಕೇಳಲಿ ಮೇಡಂ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಇಲ್ಲ ಅಂತಲೇ ಹೇಳ್ತೀನಿ."

ಮೇಡಂ ನನ್ನ ಕಡೆ ನೋಡಿ, "ನೀವಾದ್ರೂ ಒಂದು ಮಾತು ಹೇಳಿಮ್ಮ" ಎಂದು ಎದ್ದುಹೋದರು.

ಊಟವಾದ ಮೇಲೆ ಬರೆಯಲು ಕೂತೆವು. ಅವರು ನೋಟ್‌ಬುಕ್ ಹಿಡಿದು ಅತ್ತಿಂದಿತ್ತ ಓಡಾಡುತ್ತಾ ಹೇಳುವರು; ನಾನು ಹಾಳೆಯಲ್ಲೂ ಕಾರ್ಡಿನಲ್ಲೂ ಬರೆಯುತ್ತಿದ್ದೆ. ನಲವತ್ತೊಂದು ಮಕ್ಕಳು, ಒಬ್ಬೊಬ್ಬರಿಗೆ ಒಂಬತ್ತು ಅಂಕಿ. ಬುಗುರಿಯ ಸರದಿ ಬರುವ ಹೊತ್ತಿಗೆ ಬಿಸಿಲು ಗೋಡೆ ಹತ್ತಿತ್ತು.

"ಲೆಕ್ಕ, ನಾಲ್ಕು."

ಬರೆದೆ.

"ಅಳತೆ, ನಾಲ್ಕು. ಕೇಳಿ ಹೇಳೋದು, ಮೂರು. ಓದು..." ಒಂದು ಗಳಿಗೆ ನಿಂತರು. "ಓದು, ಒಂದು."

ಆ ಮೊದಲು ಐದು ಮಕ್ಕಳಿಗೆ ಒಂದು ಎಂದಿದ್ದರು, ಐದಕ್ಕೂ ಬರೆದಿದ್ದೆ. ಅವರು ನನಗೆ ಬರೀ ಕೇಳಿ ಗೊತ್ತಿದ್ದವರು. ಇವಳು ನಮ್ಮ ಬಾಗಿಲಲ್ಲಿ ನಿಂತು ನೆಲ ಎಣಿಸಿದವಳು. ಈ ಕಾರ್ಡನ್ನು ಅವಳಪ್ಪ ಬೆಳಕಿಗೆ ಹಿಡಿದು ನೋಡುವುದು ನನ್ನ ಕಣ್ಣಿಗೆ ಕಟ್ಟಿತು. ಆಮೇಲೆ ಅವನು ಅವಳಮ್ಮನಿಗೆ ಏನು ಹೇಳುತ್ತಾನೆ ಎನ್ನುವುದೂ ಕೇಳಿಸಿತು. ಆ ಮಾತನ್ನು ನಾನು ಒಮ್ಮೆ ಕೇಳಿದವಳು. ಮೇಡಂ ಮುಖವೂ ನೆನಪಾಯಿತು; ಇವರಿಗೆ ನೋಟಿಸು ಬರುವುದು ಬೇಡ ಎಂದೂ ಅನ್ನಿಸಿತು. ಆದರೆ ಅದು ಆಮೇಲಿನ ಯೋಚನೆ. ಮೊದಲು ಬಂದದ್ದು ನಮ್ಮಪ್ಪನ ಕೈಯಲ್ಲಿದ್ದ ಚೀಟಿ.

ಮೂರು ಎಂದು ಬರೆದೆ.

"ಬರೆದ್ಯಾ?"

"ಹೂಂ, ಬರೆದೆ."

"ಬರವಣಿಗೆ, ಒಂದು."

ಅಲ್ಲೂ ಮೂರು ಬರೆದೆ. ಒಂದು ಸುಳ್ಳು ಒಂಟಿಯಾಗಿದ್ದರೆ ಸಿಕ್ಕಿಬೀಳುತ್ತದಲ್ಲ.

ನಿಜ ಹೇಳುತ್ತೇನೆ, ಅವತ್ತೆಲ್ಲ ನನಗೆ ಸಂತೋಷವಾಗಿತ್ತು. ನನ್ನ ಚೀಟಿಯ ಸೊನ್ನೆಯನ್ನು ಯಾರೋ ಬಂದು ಅಳಿಸಿದ ಹಾಗಾಗಿತ್ತು.

ಹದಿನೈದು ದಿನ ಕಳೆದವು. ಒಂದು ಸಂಜೆ ಅವರು ಬಂದು, ನನ್ನನ್ನು ಕರೆದು, ಎದುರಿಗೆ ಕೂರಿಸಿಕೊಂಡರು. ದನಿ ಎತ್ತರಿಸಲಿಲ್ಲ.

"ಬುಗುರಿಗೆ ಓದಿನಲ್ಲಿ ಎಷ್ಟು ಬರೆದೆ?"

"ಮೂರು."

"ನಾನೆಷ್ಟು ಹೇಳಿದ್ದೆ?"

"ಒಂದು."

"ಮತ್ತೆ?"

"ಪಾಪ ಅನ್ನಿಸ್ತು ರೀ."

ಆಮೇಲೆ ಹೇಳಿದರು. ಒಂದು ಬಿದ್ದ ಮಕ್ಕಳಿಗೆಂದೇ ಬೇರೆ ಟೀಚರ್ ಬಂದಿದ್ದಾರೆ. ದಿನಕ್ಕೆ ಒಂದು ಗಂಟೆ, ಐದೈದೇ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಿತ್ರ, ಅಕ್ಷರದ ಬಿಲ್ಲೆ ಎಲ್ಲ ಇಟ್ಟುಕೊಂಡು, ಓದು ಬರುವ ತನಕ ಬಿಡುವುದಿಲ್ಲ. ಇವತ್ತು ಪಟ್ಟಿ ಓದಿದರು. ಐದು ಹೆಸರು. ಬುಗುರಿ ಎದ್ದು ನಿಂತಿದ್ದಳಂತೆ, ತನ್ನ ಹೆಸರೂ ಬರುತ್ತದೆ ಎಂದು. ಕೊನೆಗೆ ಕೂತಳಂತೆ.

"ಒಂದು ಅಂದ್ರೆ ನಪಾಸಲ್ವಾ?" ಎಂದೆ.

"ಅಲ್ಲ ಕಣೇ. ಒಂದು ಅಂದ್ರೆ ಈ ಮಗು ಕೈ ಹಿಡೀರಿ ಅಂತ." ಆಮೇಲೆ ಹಣೆ ಉಜ್ಜಿಕೊಂಡು ಅಂದರು, "ಐದು ದಿನ ಅದನ್ನ ನನಗೆ ಬಾಯಿಪಾಠ ಮಾಡಿಸಿದ್ರು. ಬರೆಯೋ ಕೈ ನಿನ್ನದು. ನಿನಗೆ ಹೇಳಿರಲಿಲ್ಲ ನಾನು."

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಹೆಡ್ ಮೇಡಂ ಹತ್ತಿರ ಹೋಗಿ, ತಪ್ಪಾಗಿದೆ, ತಿದ್ದಬೇಕು ಎಂದರು. "ಅಂಕಿ ಎಲ್ಲ ಕಂಪ್ಯೂಟರಿಗೆ ಹೋಗಿ ಬೀಗ ಬಿದ್ದಿದೆ ಮೇಷ್ಟ್ರೇ. ಒಂದನ್ನ ತೆಗೆದ್ರೆ ಇಡೀ ಶಾಲೆಯದ್ದು ತೆಗೀತಾರೆ. ಇಷ್ಟು ದುಂಡಗೆ ಬರೆದಿದೀರಲ್ಲ, ಆಗ ಗೊತ್ತಾಗಲಿಲ್ವಾ?" ಎಂದು ಹಾಳೆಯನ್ನೇ ಮುಂದೆ ಹಿಡಿದರಂತೆ. ಇವರು ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದರಂತೆ. ಆ ಐದು ಮಕ್ಕಳ ಟೀಚರನ್ನು ಕೇಳಿದರೆ, ಪಟ್ಟಿಯಲ್ಲಿ ಇಲ್ಲದ ಮಗುವನ್ನು ಕೂರಿಸಿಕೊಂಡರೆ ನನ್ನನ್ನು ಕೇಳುತ್ತಾರೆ ಸರ್, ಎಂದರಂತೆ. ಕಾರ್ಡನ್ನಾದರೂ ವಾಪಸು ತರೋಣ ಎಂದು ತಿರುವಿಗೆ ಹೋದರು. ಬರಿಗೈಯಲ್ಲಿ ಬಂದರು.

"ಇಸ್ತ್ರಿ ಮೇಜಿನ ಮೇಲೆ ಗೋಡೆಗೆ ಅಂಟಿಸಿದಾರೆ ಕಣೇ. ಬಂದವರಿಗೆಲ್ಲ ತೋರಿಸ್ತಿದಾಳೆ ಅವಳಮ್ಮ. ಹೇಗೆ ಕೇಳಲಿ?"

ಆಮೇಲೆ ನಮ್ಮ ಮನೆಯ ನೆಲವೇ ಅವಳಿಗೆ ಸ್ಲೇಟಾಯಿತು. ಶಾಲೆ ಬಿಟ್ಟ ಮೇಲೆ ಬರುವಳು. ಇವರು ಒಂದೊಂದು ಕಲ್ಲಿನ ಮೇಲೆ ಒಂದೊಂದು ಅಕ್ಷರವನ್ನು ಸೀಮೆಸುಣ್ಣದಲ್ಲಿ ಬರೆದು, "ಮ ಮೇಲೆ ಹಾರು, ಈಗ ರ ಮೇಲೆ ಹಾರು, ಏನಾಯ್ತು?" ಎಂದು ಕೇಳುವರು. "ಮರ!" ಎಂದು ಕೂಗುವಳು. ಅಕ್ಷರ ಕಂಡರೆ ಕಿಟಕಿ ನೋಡುವ ಹುಡುಗಿ, ಅದೇ ಅಕ್ಷರ ಕಲ್ಲಿನ ಮೇಲಿದ್ದರೆ ಕಣ್ಣು ಕೀಳುತ್ತಿರಲಿಲ್ಲ. ನಾನು ನೆಲ ಒರೆಸುವುದನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡೆ. ಮೂರು ತಿಂಗಳಲ್ಲಿ ಮರ, ಸರ, ದಡ, ಅಗಸ, ಎಲ್ಲ ಓದಿದಳು. ಅಕ್ಷರಕ್ಕೆ ದೀರ್ಘ, ಕೊಂಬು ಸೇರಿದರೆ ತಡವರಿಸುವಳು. "ಇನ್ನು ಆರು ತಿಂಗಳು ಸಿಕ್ಕಿದ್ರೆ ಸಾಕು, ಪುಸ್ತಕ ಹಿಡಿಸ್ತೀನಿ" ಎನ್ನುತ್ತಿದ್ದರು.

ಆರು ತಿಂಗಳು ಸಿಗಲಿಲ್ಲ. ಅವಳಪ್ಪನಿಗೆ ನಗರದ ಇನ್ನೊಂದು ತುದಿಯಲ್ಲಿ ದೊಡ್ಡ ಕಟ್ಟಡಗಳ ಕೆಲಸ ಸಿಕ್ಕಿತು. ಸಾಮಾನು ಗಾಡಿಗೆ ಏರಿಸುವ ದಿನವೇ ನಮಗೆ ತಿಳಿದದ್ದು. ಇವರು ಬಾಗಿಲು ಮುಂದೆ ಮಾಡಿ ಕಾಗದ ಬರೆಯಲು ಕೂತರು. ಕೊಡಿ, ನಾನು ಬರೆಯುತ್ತೇನೆ ಎಂದು ಕೈ ಚಾಚಿದೆ.

"ಬೇಡ. ಇದನ್ನ ನಾನೇ ಬರೀತೀನಿ."

ಅಷ್ಟೇ. ಬೇರೆ ಅರ್ಥದಲ್ಲಿ ಹೇಳಿದರೋ ಇಲ್ಲವೋ, ನನಗೆ ಎದೆಗೆ ತಾಗಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಬರೆದರು. ಅರ್ಧ ಪುಟಕ್ಕೆ ಒಂದು ಗಂಟೆ ಹಿಡಿಯಿತು. ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ಹುಡುಗಿಯ ಹೆಸರು ಬರೆದು, ಇಬ್ಬರೂ ತಿರುವಿಗೆ ಹೋದೆವು. ಗಾಡಿಯವನು ಹಾರ್ನ್ ಬಾರಿಸುತ್ತಿದ್ದ. ಅಕ್ಕಪಕ್ಕದವರು ನಿಂತಿದ್ದರು.

"ಇದನ್ನ ಹೊಸ ಶಾಲೆ ಟೀಚರ್ ಕೈಗೇ ಕೊಡಮ್ಮ. ಮರೀಬೇಡ" ಎಂದು ಬುಗುರಿಯ ಅಮ್ಮನಿಗೆ ಹೇಳಿದರು. ಅಷ್ಟು ಜನರ ಮುಂದೆ ಒಳಗೆ ಏನಿದೆ ಎಂದು ಹೇಳುವುದು ಹೇಗೆ? ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಬುಗುರಿ ಸಾಮಾನಿನ ಮೇಲೆ ಕೂತಿದ್ದಳು. ಒಂದೇ ಸಲ ಕೈ ಬೀಸಿದಳು.

ಮರುವರ್ಷ ಅವರು ನಿವೃತ್ತರಾದರು. ಶಾಲೆಯಲ್ಲಿ ಮಾತಾಡಲು ನಿಲ್ಲಿಸಿದಾಗ, ಪಟ್ಟಿಯಲ್ಲಿದ್ದ ಐದು ಮಕ್ಕಳೂ ಈಗ ಓದುತ್ತಾರೆ ಎಂದರು. ಮುಂದಕ್ಕೆ ಏನೋ ಹೇಳಲು ಹೋಗಿ ಕೂತುಬಿಟ್ಟರು. ಜನ ಚಪ್ಪಾಳೆ ತಟ್ಟಿದರು.

ಆರು ವರ್ಷ ಮನೆಯಲ್ಲಿದ್ದರು. ಕೈ ಪೂರ್ತಿ ಹೋಯಿತು, ನಾನೇ ತುತ್ತು ಮಾಡಿ ಕೊಡುತ್ತಿದ್ದೆ. ಯಾವಾಗಲಾದರೂ ಊಟದ ನಡುವೆ ಕೇಳುವರು:

"ಆ ಟೀಚರ್ ಕಾಗದ ಓದಿರ್ತಾರೆ, ಅಲ್ವಾ?"

"ಓದಿರ್ತಾರೆ ಬಿಡಿ."

"ಓದಿದ್ರೆ ಒಂದು ಸಾಲು ಉತ್ತರ ಬರೀತಿದ್ರೇನೋ."

"ಅವರಿಗೂ ಒಂಬತ್ತು ಅಂಕಿ ತುಂಬೋದಿರುತ್ತೆ. ಎಲ್ಲಿ ಪುರುಸೊತ್ತು?"

ಆಗ ನಗುವರು. ಹೋದ ವರ್ಷ ಒಂದು ಬೆಳಗ್ಗೆ ಪೇಪರು ತೊಡೆಯ ಮೇಲೆ ಇದ್ದ ಹಾಗೇ ಹೋದರು. ನೆಲದ ಮೇಲೆ ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದರು. ನಾನು ಟೀ ತಂದಿದ್ದೆ.

ತಿಂಗಳಾದ ಮೇಲೆ ಬುಗುರಿಯ ಅಮ್ಮ ಬಂದಳು. ಯಾರ ಬಾಯಿಂದಲೋ ಸುದ್ದಿ ತಿಳಿದು, ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ತಲೆ ನರೆತಿತ್ತು. ಅತ್ತಳು, ನಾನೂ ಅತ್ತೆ. ಆಮೇಲೆ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದಳು. ಅದರೊಳಗಿಂದ ಲಕೋಟೆ ತೆಗೆದಳು. ಅಂಟಿಸಿದ್ದು ಅಂಟಿಸಿದ ಹಾಗೇ ಇತ್ತು.

"ಅಮ್ಮಾ, ಇದನ್ನ ನಾನು ಕೊಡಲಿಲ್ಲ. ಮೇಷ್ಟ್ರು ಇರೋವಾಗ ಬಂದು ತಪ್ಪಾಯ್ತು ಅನ್ನೋಕೆ ಧೈರ್ಯ ಬರಲಿಲ್ಲ."

"ಯಾಕೆ ಕೊಡಲಿಲ್ಲ?"

"ಮೇಷ್ಟ್ರು ಅಂಟಿಸಿ ಕೊಟ್ರಲ್ಲ, ಮಗಳ ಮೇಲೆ ಏನೋ ದೂರು ಬರೆದಿದಾರೆ ಅಂದ್ಕೊಂಡೆ. ಕಾರ್ಡಲ್ಲಿ ಅಷ್ಟು ಚೆನ್ನಾಗಿ ಮೂರು, ನಾಲ್ಕು ಅಂತಿದೆ. ಅದನ್ನೇ ತೋರಿಸಿದೆ. ಹೊಸ ಶಾಲೆಯವರು ನೋಡಿ, ಒಳ್ಳೆ ಹುಡುಗಿ ಅಂತ ಸೇರಿಸ್ಕೊಂಡ್ರು. ದೂರಿನ ಕಾಗದ ಕೊಟ್ಟು ಯಾಕೆ ಅವಳ ದಾರಿಗೆ ಮುಳ್ಳು ಹಾಕಲಿ ಅಂತ..."

ಲಕೋಟೆ ಒಡೆದು, ಬೆರಳಿಟ್ಟು, ಅವಳಿಗೆ ಓದಿ ಹೇಳಿದೆ. "ಈ ಮಗುವಿನ ಕಾರ್ಡಿನಲ್ಲಿ ಓದು, ಬರವಣಿಗೆಗೆ ಮೂರು ಎಂದಿರುವುದು ನನ್ನ ತಪ್ಪು. ದಯವಿಟ್ಟು ಒಂದು ಎಂದು ತಿಳಿದು ನೆರವಿನ ಗುಂಪಿಗೆ ಸೇರಿಸಿ. ಇವಳಿಗೆ ಹಾಳೆಯ ಮೇಲೆ ಕಲಿಸಬೇಡಿ, ನೆಲದ ಮೇಲೆ ಬರೆದು ಕಲಿಸಿ. ಆರು ತಿಂಗಳು ಸಾಕು. ಬಹಳ ಜಾಣೆ." ನನ್ನ ತಪ್ಪು ಎಂದು ಬರೆದಿದ್ದರು. ಹೆಂಡತಿಯ ತಪ್ಪು ಎಂದಿರಲಿಲ್ಲ.

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. "ಇದೇನಾ ಇದ್ದದ್ದು? ಇಷ್ಟೇನಾ? ನಾನು ಬೈಗುಳ ಅಂದ್ಕೊಂಡೆನಲ್ಲಮ್ಮ..."

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಗ ಆ ಭಾನುವಾರ ಮಧ್ಯಾಹ್ನದ್ದನ್ನೆಲ್ಲ ಹೇಳಿದೆ. ಮಗಳಿಗೆ ನಾನೇ ಬಂದು ಹೇಳುತ್ತೇನೆ, ನೀನು ಹೇಳಬೇಡ ಎಂದೆ.

ಮುಂದಿನ ಭಾನುವಾರ ಹೋದೆ. ಮೂರನೆಯ ಮಹಡಿ, ಒಂದೇ ಕೋಣೆ. ಬುಗುರಿಗೆ ಈಗ ಹದಿನೇಳು. ರಟ್ಟಿನ ಪೆಟ್ಟಿಗೆ ಮಡಿಸುವ ಕಾರ್ಖಾನೆಗೆ ಹೋಗುತ್ತಾಳೆ. ಎಂಟನೆಯ ತರಗತಿಯಲ್ಲಿ ಬಿಟ್ಟಳಂತೆ. ಅಲ್ಲಿಯ ತನಕ ಕೇಳಿ ಕೇಳಿಯೇ ದಾಟಿದಳಂತೆ. ಭಾನುವಾರವೂ ಒಂದಷ್ಟು ಪೆಟ್ಟಿಗೆ ಮನೆಗೆ ತಂದು ಮಡಿಸುತ್ತಿದ್ದಳು. ಬೆರಳ ತುದಿಯಲ್ಲಿ ಅಂಟು ಒಣಗಿತ್ತು.

"ಅಯ್ಯೋ, ಎಪ್ಪತ್ತಾರು ಕಲ್ಲಿನ ಅಜ್ಜಿ!" ಎಂದು ಎದ್ದು ಬಂದು ಅಪ್ಪಿಕೊಂಡಳು. ಕಾರ್ಖಾನೆಯಲ್ಲಿ ಅಟ್ಟಿ ನೋಡಿದರೆ ಸಾಕು ಎಷ್ಟು ಪೆಟ್ಟಿಗೆ ಎಂದು ಹೇಳುತ್ತಾಳಂತೆ. ಮೇಲ್ವಿಚಾರಣೆ ಕೊಡುವವರಿದ್ದರಂತೆ, ಸರಕಿನ ಚೀಟಿ ಓದಬೇಕಲ್ಲ, ಇನ್ನೊಬ್ಬಳಿಗೆ ಹೋಯಿತಂತೆ. ಅದನ್ನೂ ನಗುತ್ತಲೇ ಹೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಕಪಾಟಿನ ಮೇಲಿನಿಂದ ಒಂದು ಕಾರ್ಡು ತೆಗೆದಳು. ಅಂಚು ಸವೆಯಬಾರದು ಎಂದು ಸುತ್ತಲೂ ಅಂಟುಪಟ್ಟಿ ಹಾಕಿದ್ದಳು.

"ನೋಡಿ ಅಜ್ಜಿ, ಇನ್ನೂ ಇಟ್ಟಿದೀನಿ. ನನಗೆ ಒಂದಕ್ಷರ ಬರಲ್ಲ ಅಂತ ಮೇಷ್ಟ್ರಿಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ಕೊಟ್ರು. ನನ್ನ ಮೇಲೆ ಅವರಿಗೆ ಅಷ್ಟು ಪ್ರೀತಿ. ಕಾರ್ಖಾನೇಲಿ ಯಾರಾದ್ರೂ ದಡ್ಡಿ ಅಂದಾಗ ಮನೆಗೆ ಬಂದು ಇದನ್ನ ನೋಡ್ತೀನಿ."

ಅವಳಮ್ಮ ಮುಖ ತಿರುಗಿಸಿಕೊಂಡಳು. ಕಾರ್ಡಿನ ಮೇಲೆ ನನ್ನ ಮೂರು ದುಂಡಗೆ ಕೂತಿತ್ತು. ಈಗಲೂ ಪಾಪ ಅನ್ನಿಸಿತು. ಹೇಳದೆ ಎದ್ದು ಬಂದುಬಿಡಲೇ ಎಂದು ಒಂದು ಮನಸ್ಸು ಹೇಳಿತು. ಆದರೆ ಅದೇ ಪಾಪವೇ ಅಲ್ಲವೇ ಅವತ್ತು ನನ್ನ ಕೈ ಹಿಡಿದು ಬರೆಸಿದ್ದು.

ಹೇಳಿದೆ. ಕೈ ನಡುಗುತ್ತಿದ್ದದ್ದು, ನಾನು ಬರೆಯುತ್ತಿದ್ದದ್ದು, ಅವರು ಹೇಳಿದ್ದು, ನಾನು ಬರೆದದ್ದು. ಕಾಗದವನ್ನೂ ಓದಿದೆ. ಅವಳು ಪೆಟ್ಟಿಗೆ ಮಡಿಸುವುದನ್ನು ನಿಲ್ಲಿಸಲಿಲ್ಲ. ಕಾಗದ ಮುಗಿಯುವ ಹೊತ್ತಿಗೆ ನಾಲ್ಕು ಪೆಟ್ಟಿಗೆ ಮಡಿಸಿದ್ದಳು.

"ಹಾಗಾದ್ರೆ ಮೇಷ್ಟ್ರು ಕೊಟ್ಟಿದ್ದು ಒಂದು" ಎಂದಳು.

"ಹೂಂ ಕಣಮ್ಮ."

"ಎರಡು ನೀವು ಸೇರಿಸಿದ್ದು."

"ಹೂಂ."

"ಅವತ್ತು ಪಟ್ಟಿ ಓದುವಾಗ ಎದ್ದು ನಿಂತಿದ್ದೆ ಅಜ್ಜಿ. ನನ್ನ ಹೆಸರು ಬರುತ್ತೆ ಅಂತ ನನಗೆ ಗೊತ್ತಿತ್ತು. ಬರಲಿಲ್ಲ. ಮೇಷ್ಟ್ರಿಗೆ ನಾನು ಬೇಡ ಅಂತಲೋ, ಪ್ರೀತಿ ಅಂತಲೋ, ಎಷ್ಟು ದಿನ ಯೋಚನೆ ಮಾಡಿದೀನಿ."

ಭಾನುವಾರ ಭಾನುವಾರ ಬಾ, ನನಗೆ ಬರುವಷ್ಟು ಹೇಳಿಕೊಡುತ್ತೇನೆ, ನೆಲ ಹಾಗೇ ಇದೆ, ಸೀಮೆಸುಣ್ಣವೂ ಇದೆ ಎಂದೆ.

"ಆಗ ಹಾರ್ತಿದ್ದೆ ಅಜ್ಜಿ. ಈಗ ನಿಂತೂ ನಿಂತೂ ಕಾಲು ಊದಿರುತ್ತೆ" ಎಂದಳು. ಕೋಪವಿರಲಿಲ್ಲ. ಇದ್ದದ್ದು ಆಯಾಸ.

ಹೊರಡುವಾಗ ಬಾಗಿಲ ತನಕ ಬಂದಳು. ಕಾಗದವನ್ನು ಕೊಡಿ ಎಂದು ಕೇಳಿ ತೆಗೆದುಕೊಂಡಳು. ಲಕೋಟೆಯ ಮೇಲಿದ್ದ ತನ್ನ ಹೆಸರನ್ನು ಬೆರಳಿಟ್ಟು ಓದಿಕೊಂಡಳು, ಕಲಿತದ್ದರಲ್ಲಿ ಅದೊಂದು ಉಳಿದಿದೆ ಅವಳಿಗೆ. ಅಕ್ಷರ ಅವರದ್ದೇ ತಾನೇ ಎಂದು ಕೇಳಿದಳು. ಅವರದ್ದೇ ಎಂದೆ. ಅದನ್ನು ಕಾರ್ಡು ಇದ್ದ ಜಾಗದಲ್ಲಿ, ಕಪಾಟಿನ ಮೇಲೆ ಇಟ್ಟಳು.

ಕಾರ್ಡನ್ನು ನನ್ನ ಕೈಗೆ ಕೊಟ್ಟಳು.

"ಇದು ನಿಮ್ಮದು, ನೀವೇ ಇಟ್ಕೊಳ್ಳಿ" ಎಂದಳು.